ಡಿಸ್ಕ್ ಆಪರೇಷನ್: ಎಂಡೋಸ್ಕೋಪಿನಾ, ಮೈಕ್ರೋಸ್ಕೋಪಾ, ಸುಮ್ನೆ ಕಾಯೋದಾ? ಮೂರು ಡಾಕ್ಟ್ರು ಮೂರು ಥರ ಹೇಳಿದಾರೆ

ಸಂಜೆಗತ್ತಲು:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ. ಕೂತ್ಕೊಂಡು ಬರೆಯೋಕಾಗಲ್ಲ, ಮಗ್ಗುಲಲ್ಲಿ ಮಲ್ಕೊಂಡು ಫೋನಲ್ಲೇ ಒಂದೇ ಬೆರಳಲ್ಲಿ ಒತ್ತತಾ ಇದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದಿ. ವಯಸ್ಸು 38. ಐದು ವಾರದ ಹಿಂದೆ ತುಂಬಿದ ಬಕೆಟ್ ಎತ್ತಿದ್ದೇ ನೆಪ, ಸೊಂಟ ಚಳಕ್ ಅಂತು. ಎರಡು ದಿನಕ್ಕೆ ಸೊಂಟದ ನೋವು ಇಳೀತು ಅಂತ ಖುಷಿಪಟ್ಟೆ, ಅಷ್ಟರಲ್ಲಿ ಎಡಗಡೆ ಕುಂಡೆಯಿಂದ ಹಿಡಿದು ತೊಡೆ ಹಿಂದೆ, ಮೀನಖಂಡದ ಹೊರಗಡೆ, ಪಾದದ ಮೇಲ್ಗಡೆವರೆಗೂ ಕಾದ ತಂತಿ ಎಳೆದಂಗೆ ನೋವು. ಕೆಮ್ಮಿದ್ರೆ ಸೀನಿದ್ರೆ ಕಣ್ಣಲ್ಲಿ ನೀರು. ಕೂತ್ರೆ ಹತ್ತು ನಿಮಿಷ ಅಷ್ಟೇ.

ಎಂಆರ್‌ಐ ಆಯ್ತು, ಸೊಂಟದ ನಾಲ್ಕನೇ ಐದನೇ ಮೂಳೆ (ಎಲ್4-ಎಲ್5) ಮಧ್ಯೆ ಇರೋ ಮೆತ್ತೆ, ಅಂದ್ರೆ ಡಿಸ್ಕ್, ಎಡಗಡೆಗೆ ಒಡೆದು ಆಚೆ ಬಂದಿದೆ (ಎಕ್ಸ್‌ಟ್ರೂಷನ್), ನರದ ಬೇರು ಒತ್ತಿದೆ ಅಂತ ರಿಪೋರ್ಟು. ಮೊದಲನೇ ಡಾಕ್ಟ್ರು ಎಂಡೋಸ್ಕೋಪಿ (ಕ್ಯಾಮೆರಾ ಇರೋ ತೆಳು ಕೊಳವೆ ಇಳಿಸಿ ಮಾಡೋ ಆಪರೇಷನ್) ಮಾಡಿಸಿ, ಎಂಟು ಮಿಲಿಮೀಟರ್ ತೂತು, ಎಚ್ಚರವಾಗೇ ಇರ್ತೀರ, ಅದೇ ದಿನ ಮನೆಗೆ ಅಂದ್ರು. ಎರಡನೇಯವ್ರು ಅದೆಲ್ಲ ಬೇಡ, ಸಣ್ಣದಾಗಿ ಕುಯ್ದು ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ಮಾಡೋ ಮೈಕ್ರೋಡಿಸೆಕ್ಟಮಿನೇ ಸರಿ ಅಂದ್ರು. ಮೂರನೇಯವ್ರು ಫಿಲ್ಮ್ ನೋಡಿ, ಆರೆಂಟು ವಾರ ಕಾಯಿರಿ, ಬಹಳ ಜನಕ್ಕೆ ತಾನಾಗೇ ಇಳಿಯತ್ತೆ ಅಂದ್ರು. ಯಾರನ್ನ ನಂಬೋದು? ನಮ್ಮ ಅತ್ತಿಗೆಯಂತೂ ಬೆನ್ನಿಗೆ ಕತ್ತಿ ಹಾಕಿಸ್ಕೊಂಡವ್ರು ಮತ್ತೆ ನೆಟ್ಟಗೆ ಎದ್ದಿದ್ದು ನೋಡೇ ಇಲ್ಲ ಅಂತ ದಿನಾ ಹೆದರಿಸ್ತಾರೆ.

ಇನ್ನೊಂದು ತಮಾಷೆ ಹೇಳ್ತೀನಿ, ನಡೀವಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದ್ರೂ ಗೊತ್ತಾಗಲ್ಲ ನಂಗೆ, ನಾಲ್ಕು ಹೆಜ್ಜೆ ಹೋದ್ಮೇಲೆ ನೆಲ ತಣ್ಣಗಿದೆಯಲ್ಲ ಅಂತ ಹೊಳೆಯತ್ತೆ. ಹಳೇ ಚಪ್ಪಲಿ, ಸಡಿಲ ಆಗಿದೆ.

ಹಳೇಬೆನ್ನು:
ಮೇಡಂ, ಒಂಬತ್ತು ವರ್ಷದ ಹಿಂದೆ ಇದೇ ಎಲ್4-ಎಲ್5 ಮೈಕ್ರೋಡಿಸೆಕ್ಟಮಿ ಮಾಡಿಸ್ಕೊಂಡವ್ನು ನಾನು, ಎದ್ದೂ ಇದೀನಿ ಓಡಾಡ್ಕೊಂಡೂ ಇದೀನಿ, ಅತ್ತಿಗೆಯವ್ರಿಗೆ ಹೇಳಿಬಿಡಿ. ಮೊದಲು ಒಂದು ಮಾತು ತಲೇಲಿ ಕೂರಿಸ್ಕೊಳ್ಳಿ, ಈ ಆಪರೇಷನ್ ಇರೋದು ಕಾಲುನೋವಿಗೆ. ಬೆನ್ನುನೋವಿಗಲ್ಲ. ಡಿಸ್ಕ್ ಒಳಗಿನ ಮೆತ್ತನೆ ತಿರುಳು ಹೊರಗಿನ ಗಟ್ಟಿ ಸುತ್ತು ಹರ್ಕೊಂಡು ಆಚೆ ಬಂದು ನರದ ಮೇಲೆ ಕೂತಿದೆ, ಆ ಚೂರನ್ನ ತೆಗೆದ್ರೆ ನರಕ್ಕೆ ಉಸಿರಾಡಕ್ಕೆ ಜಾಗ ಸಿಗತ್ತೆ, ಅಷ್ಟೇ ಕೆಲಸ. ಇಡೀ ಡಿಸ್ಕ್ ತೆಗೀತಾರೆ, ಸ್ಕ್ರೂ ಹಾಕ್ತಾರೆ ಅಂತೆಲ್ಲ ಜನ ಹೇಳ್ತಾರೆ, ಮೊದಲನೇ ಸಲ ಬರೋ ಮಾಮೂಲಿ ಡಿಸ್ಕ್‌ಗೆ ಸ್ಕ್ರೂ ರಾಡು ಸಾಮಾನ್ಯವಾಗಿ ಬೇಕಾಗಲ್ಲ. ಯಾರಾದ್ರೂ ಮೊದಲ ಭೇಟಿಯಲ್ಲೇ ಫ್ಯೂಷನ್ (ಸ್ಕ್ರೂ ಹಾಕಿ ಮೂಳೆ ಬೆಸೆಯೋದು) ಅಂದ್ರೆ ಯಾಕೆ ಅಂತ ಬಿಡದೆ ಕೇಳಿ.

ನಂಗೆ ಜನರಲ್ ಅನೆಸ್ತೇಷಿಯಾ ಕೊಟ್ಟು ಬೋರಲು ಮಲಗಿಸಿದ್ರು. ಬೆನ್ನಲ್ಲಿ ಎರಡೂವರೆ ಮೂರು ಸೆಂಟಿಮೀಟರ್ ಗಾಯ. ಎಚ್ಚರ ಆದ ತಕ್ಷಣ ನಂಗೆ ಮೊದಲು ಗೊತ್ತಾಗಿದ್ದು ನೋವಲ್ಲ, ಕಾಲು ಸುಮ್ನಿದೆ ಅನ್ನೋದು. ಎರಡೂವರೆ ತಿಂಗಳು ಕಿರುಚ್ತಾ ಇದ್ದ ಮಗು ದಿಢೀರ್ ಅಂತ ನಿದ್ದೆ ಹೋದ್ರೆ ಮನೆಯವ್ರಿಗೆ ಗಾಬರಿ ಆಗತ್ತಲ್ಲ, ಹಂಗೆ. ಬೆಡ್‌ಶೀಟ್ ಎತ್ತಿ ಕಾಲಿದೆಯಾ ಅಂತ ನೋಡ್ಕೊಂಡೆ, ನರ್ಸು ನಕ್ಕರು. ಆದ್ರೆ ಪಾದದ ಜೋಮು ಹೋಗಕ್ಕೆ ಏಳೆಂಟು ತಿಂಗಳು ಹಿಡೀತು, ಸೊಂಟ ಈಗ್ಲೂ ಒಮ್ಮೊಮ್ಮೆ ಹಿಡ್ಕೊಳತ್ತೆ. ಅದನ್ನ ಯಾರೂ ಮುಂಚೆ ಹೇಳಿರ್ಲಿಲ್ಲ.

ಪೇಪರ್‌ಹುಳು:
ನಾನು ಡಾಕ್ಟ್ರಲ್ಲ, ಇದೇ ಕಾಯಿಲೆ ಬಂದಾಗ ಮಲಗಿದ್ದಲ್ಲೇ ಸಿಕ್ಕಸಿಕ್ಕಿದ ಅಧ್ಯಯನ ಎಲ್ಲ ಓದಿದವ್ನು. ಸಂಜೆಗತ್ತಲು ಅವ್ರೆ, ಮೂರೂ ಡಾಕ್ಟ್ರು ಸುಳ್ಳು ಹೇಳ್ತಿಲ್ಲ, ಅದೇ ಇಲ್ಲಿ ತೊಂದ್ರೆ.

ಕಾಯೋದ್ರ ಬಗ್ಗೆ ಮೊದಲು. 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ 283 ಜನರ ಮೇಲೆ ಒಂದು ಅಧ್ಯಯನ ಬಂತು, ಎಲ್ರಿಗೂ ಆರರಿಂದ ಹನ್ನೆರಡು ವಾರದಿಂದ ಜೋರು ಕಾಲುನೋವು ಇತ್ತು. ಅರ್ಧ ಜನಕ್ಕೆ ಬೇಗ ಆಪರೇಷನ್, ಉಳಿದವ್ರಿಗೆ ಕಾಯೋದು, ತೀರಾ ಬೇಕಾದ್ರೆ ಆಮೇಲೆ ಆಪರೇಷನ್. ಒಂದು ವರ್ಷ ಆದ್ಮೇಲೆ ನೋಡಿದ್ರೆ ಎರಡೂ ಕಡೆ ಸುಮಾರು 95% ಜನ ಚೇತರಿಸ್ಕೊಂಡಿದ್ರು! ಹಾಗಾದ್ರೆ ಆಪರೇಷನ್ ದಂಡ ಅಂತ ಅಲ್ಲ. ಬೇಗ ಮಾಡಿಸ್ಕೊಂಡವ್ರು ಸುಮಾರು 4 ವಾರಕ್ಕೆ ಹುಷಾರಾದ್ರು, ಕಾದವ್ರಿಗೆ 12 ವಾರ ಬೇಕಾಯ್ತು, ಕಾದವ್ರಲ್ಲಿ 39% ಜನ ತಡ್ಕೊಳಕ್ಕಾಗದೆ ಆ ವರ್ಷದೊಳಗೆ ಆಪರೇಷನ್ ಮಾಡಿಸ್ಕೊಂಡ್ರು. ಅಂದ್ರೆ ನಿಮಗೆ ಸಿಗೋದು ಬಹುಪಾಲು ಸಮಯ.

ಇನ್ನು ಚೂರು ತಾನಾಗೇ ಕರಗೋದು. ಇದು ಕೇಳಿದ್ರೆ ತಲೆಕೆಳಗು ಅನ್ಸತ್ತೆ, ಚೂರು ಎಷ್ಟು ದೊಡ್ಡದಾಗಿ ಆಚೆ ಬಂದಿರತ್ತೋ ಅಷ್ಟು ಕರಗೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಆಚೆ ಬಂದ ಮೇಲೆ ದೇಹ ಅದನ್ನ ಹೊರಗಿನವ್ನು ಅಂತ ತಿಳ್ಕೊಂಡು ತಿಂದು ಹಾಕತ್ತೆ. 2015ರಲ್ಲಿ ಹಳೇ ಅಧ್ಯಯನ ಎಲ್ಲ ಒಟ್ಟು ಹಾಕಿ ನೋಡಿದಾಗ ಪೂರ್ತಿ ಕಳಚ್ಕೊಂಡ ಚೂರು 96% ಜನರಲ್ಲಿ ಕುಗ್ಗಿತ್ತು, ನಿಮ್ಮ ಥರ ಎಕ್ಸ್‌ಟ್ರೂಷನ್ 70%, ಬರೀ ಬಲ್ಜ್ (ಸುತ್ತು ಹರಿಯದೆ ಉಬ್ಬಿರೋದು) ಆದ್ರೆ 13% ಅಷ್ಟೇ. ಬಲ್ಜ್ ವಿಷಯಕ್ಕೆ ಬಂದ್ರೆ, ನೋವೇ ಇಲ್ಲದ 40 ವರ್ಷದವ್ರನ್ನ ಸಾಲಾಗಿ ಎಂಆರ್‌ಐಗೆ ತಳ್ಳಿದ್ರೆ ಅರ್ಧ ಜನಕ್ಕೆ ಬಲ್ಜ್ ಕಾಣತ್ತೆ. ಫಿಲ್ಮಿಗೆ ಆಪರೇಷನ್ ಮಾಡಕ್ಕಾಗಲ್ಲ.

ಸೊಂಟಮಿತ್ರ:
ಇಷ್ಟೆಲ್ಲ ಯಾಕೆ ತಲೆಕೆಡಿಸ್ಕೋತೀರ, ಈಗ ಲೇಸರ್ ಬಂದಿದೆ, ಸೂಜಿ ಚುಚ್ಚಿ ಸುಟ್ಟು ಬಿಡ್ತಾರೆ, ಗಾಯವೇ ಇಲ್ಲ, ಅರ್ಧ ಗಂಟೆ. ಕಟ್ಟಿಂಗ್ ಎಲ್ಲ ಹಳೇ ಕಾಲದ್ದು.

ಪೇಪರ್‌ಹುಳು:
ಸೊಂಟಮಿತ್ರ, ಲೇಸರ್ ಬಂದಿದ್ದು ಈಗಲ್ಲ ಗುರು, 1980ರ ದಶಕದಲ್ಲೇ. ಅದು ಡಿಸ್ಕ್ ಒಳಗಡೆ ಸ್ವಲ್ಪ ತಿರುಳು ಆವಿ ಮಾಡಿ ಒತ್ತಡ ಇಳಿಸತ್ತೆ, ಸುತ್ತು ಹರಿಯದೆ ಉಬ್ಬಿರೋರಿಗೆ ಅಷ್ಟೋ ಇಷ್ಟೋ. ಬಾಗಿಲು ಒಡ್ಕೊಂಡು ಆಚೆ ಬಂದಿರೋ ಕಳ್ಳನ್ನ ಹಿಡಿಯಕ್ಕೆ ಮನೆಯೊಳಗೆ ಬೆಂಕಿ ಹಾಕಿದ್ರೆ ಏನ್ ಬಂತು? ಇವ್ರದ್ದು ಎಕ್ಸ್‌ಟ್ರೂಷನ್.

ಹಳೇ ಕಾಲ ಅಂದ್ರಲ್ಲ, ಅದನ್ನೂ ಹೇಳಿಬಿಡ್ತೀನಿ. ಡಿಸ್ಕ್ ಒಡೆದು ನರ ಒತ್ತೋದೇ ಈ ಕಾಲುನೋವಿಗೆ ಕಾರಣ ಅಂತ ಮಿಕ್ಸ್‌ಟರ್ ಮತ್ತೆ ಬಾರ್ ಅನ್ನೋ ಇಬ್ರು ಸರ್ಜನ್ನರು ಬರೆದಿದ್ದು 1934ರಲ್ಲಿ. ಆಗ ಉದ್ದಕ್ಕೆ ಕುಯ್ದು ಮೂಳೆ ಅಗಲ ತೆಗೀತಿದ್ರು. 1977ರಲ್ಲಿ ಯಾಸರ್ಗಿಲ್, ಕಾಸ್ಪರ್ ಇವ್ರು ಮೈಕ್ರೋಸ್ಕೋಪ್ ತಂದ್ರು, ಗಾಯ ಸಣ್ಣದಾಯ್ತು. 1997ರಲ್ಲಿ ಫೋಲಿ, ಸ್ಮಿತ್ ಟ್ಯೂಬ್ ತಂದ್ರು, ಸ್ನಾಯುನ ಮೂಳೆಯಿಂದ ಕೀಳೋ ಬದ್ಲು ಎಳೆ ಬಿಡಿಸಿ ಮಧ್ಯೆ ಕೊಳವೆ ಇಳಿಸೋದು. ಆಮೇಲೆ ಪಕ್ಕದಿಂದ ಹೋಗೋ ಎಂಡೋಸ್ಕೋಪ್ ಪಳಗಿತು. ಪ್ರತಿ ಸಲಾನೂ ತೂತು ಚಿಕ್ಕದಾಯ್ತು, ಆದ್ರೆ ಫಲಿತಾಂಶ ಅಷ್ಟೇ ಪ್ರಮಾಣದಲ್ಲಿ ಮೇಲೇರ್ಲಿಲ್ಲ. 2009ರಲ್ಲಿ ಟ್ಯೂಬಿಗೂ ಮಾಮೂಲಿ ಮೈಕ್ರೋಡಿಸೆಕ್ಟಮಿಗೂ 328 ಜನರಲ್ಲಿ ಹೋಲಿಸಿದ್ರು, ಟ್ಯೂಬ್ ಮೇಲುಗೈ ಅಂತ ಬರ್ಲೇ ಇಲ್ಲ. 2022ರಲ್ಲಿ ಎಂಡೋಸ್ಕೋಪಿಗೂ ಓಪನ್ ಮೈಕ್ರೋಡಿಸೆಕ್ಟಮಿಗೂ 613 ಜನರಲ್ಲಿ ಹೋಲಿಸಿದ್ರು, ವರ್ಷದ ಕೊನೆಗೆ ಕಾಲುನೋವಲ್ಲಿ ಎಂಡೋಸ್ಕೋಪಿ ಹಿಂದೆ ಬಿದ್ದಿಲ್ಲ ಅಂತಾಯ್ತು. ಹಿಂದೆ ಬಿದ್ದಿಲ್ಲ ಅಷ್ಟೇ. ಜಾಹೀರಾತಲ್ಲಿ ಇದೇ ಮಾತು ಪವಾಡ ಅಂತ ಬರತ್ತೆ.

ನೀರುಪರದೆ:
ಎಂಡೋಸ್ಕೋಪಿ ಎಚ್ಚರವಾಗಿದ್ದು ಮಾಡಿಸ್ಕೊಂಡವ್ಳು ನಾನು, ಅಕ್ಕ. ಎರಡು ವರ್ಷ ಆಯ್ತು. ಬೋರಲು ಮಲಗಿಸಿ, ಸೊಂಟದ ಮಧ್ಯೆ ಅಲ್ಲ, ಒಂದು ಗೇಣು ಪಕ್ಕಕ್ಕೆ ಪೆನ್ನಲ್ಲಿ ಗುರುತು ಹಾಕಿದ್ರು. ಲೋಕಲ್ ಇಂಜೆಕ್ಷನ್ನು, ಜೊತೆಗೆ ಸ್ವಲ್ಪ ಮಂಪರು. ಸಿ-ಆರ್ಮ್ ಅಂತ ಎಕ್ಸ್‌ರೇ ಮೆಷಿನ್ನು ತಲೆ ಮೇಲೆ ಗುಂಯ್ ಅಂತ ತಿರುಗ್ತಾ ಇರತ್ತೆ, ಅದ್ರಲ್ಲಿ ನೋಡ್ಕೊಂಡು ಉದ್ದ ಸೂಜಿ ಇಳಿಸ್ತಾರೆ. ನರ ಆಚೆ ಹೋಗೋ ಕಿಂಡಿ ಪಕ್ಕ ಒಂದು ತ್ರಿಕೋನ ಜಾಗ ಇದೆಯಂತೆ, ಅಲ್ಲಿ ನುಗ್ಗಿದ್ರೆ ನರ ತಪ್ಪಿಸ್ಕೋಬಹುದು, ಕಾಂಬಿನ್ ತ್ರಿಕೋನ ಅಂತ ಹೆಸರು. ಡಾಕ್ಟ್ರು ಘಳಿಗೆಗೊಮ್ಮೆ ಕಾಲಿಗೆ ಹೊಡೀತಾ, ಕಾಲಿಗೆ ಹೊಡೀತಾ ಅಂತ ಕೇಳ್ತಾನೇ ಇದ್ರು. ಒಂದ್ಸಲ ಹೊಡೀತು, ಅಯ್ಯೋ ಅಂದೆ, ತಕ್ಷಣ ಕೈ ನಿಲ್ಸಿದ್ರು. ಎಚ್ಚರವಾಗಿ ಇಡೋದು ಅದಕ್ಕೇ, ನಾವೇ ಅಲಾರಂ.

ಟಿವಿ ನಂಗೂ ಕಾಣೋ ಹಾಗೆ ತಿರುಗಿಸಿದ್ರು. ಒಳಗೆ ನೀರು ಹರೀತಾ ಇರತ್ತೆ, ಸಲೈನು, ಅದ್ರಲ್ಲಿ ಬಿಳೀದೇನೋ ನೆನೆದ ಹತ್ತಿ ಥರ ಅಲ್ಲಾಡ್ತಾ ಇತ್ತು. ಸಣ್ಣ ಚಿಮಟದಲ್ಲಿ ಹಿಡಿದು ಎಳೆದ್ರು, ಬಂತು ಬಂತು ಬಂತು, ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ. ಇಷ್ಟಕ್ಕಾ ನಾನು ರಾತ್ರಿ ಎಲ್ಲ ಗೋಡೆ ಹಿಡ್ಕೊಂಡು ಅತ್ತಿದ್ದು ಅನ್ನಿಸ್ತು. ಸಂಜೆಗೆ ನಡೆದೆ. ಅದೇ ದಿನ ಮನೆಗೆ ಅನ್ನೋದು ಸುಳ್ಳಲ್ಲ. ಆದ್ರೆ ಎಂಟನೇ ದಿನದಿಂದ ಮೂರು ವಾರ ಕಾಲು ಪಕ್ಕ ಉರಿ ಉರಿ, ಬಟ್ಟೆ ತಾಗಿದ್ರೂ ಉರಿ. ನರದ ಗಂಟಿಗೆ ಕೊಳವೆ ತಾಗಿದ್ರೆ ಹಂಗಾಗತ್ತಂತೆ, ಹೋಯ್ತು ಆಮೇಲೆ. ಆ ಮೂರು ವಾರ ಮಾತ್ರ ಆಪರೇಷನ್ ಕೆಟ್ಟೋಯ್ತು ಅಂತಲೇ ಅಂದ್ಕೊಂಡಿದ್ದೆ.

ಓಟಿಸಿಸ್ಟರ್:
ನಾನು ಸ್ಪೈನ್ ಥಿಯೇಟರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡ್ದವ್ಳು. ಹೊರಗಿನವ್ರು ತೂತು ಎಷ್ಟು ಅಂತ ಕೇಳ್ತಾರೆ, ನಾವು ಒಳಗೆ ನೋಡೋದು ಈ ಸರ್ಜನ್ನು ಇದೇ ಕೇಸನ್ನ ವಾರಕ್ಕೆ ಎಷ್ಟು ಮಾಡ್ತಾರೆ ಅಂತ. ಎಂಡೋಸ್ಕೋಪ್ ಕೈಗೆ ಕೂರಕ್ಕೆ ಬಹಳ ಕಾಲ ಬೇಕು, ಶುರುವಿನ ಕೇಸುಗಳಲ್ಲಿ ಚೂರು ಒಳಗೇ ಉಳಿಯೋದು ಜಾಸ್ತಿ. ಎಷ್ಟು ಮಾಡಿದೀರ, ಎಷ್ಟು ಜನಕ್ಕೆ ಮತ್ತೆ ಬಂತು, ಒಳಗೆ ಹೋಗಿ ಚೂರು ಸಿಗದಿದ್ರೆ ಏನ್ ಮಾಡ್ತೀರ, ಈ ಮೂರು ಕೇಳಿ. ಮುಖ ಸಿಂಡರಿಸಿದ್ರೆ ಎದ್ದು ಬನ್ನಿ.

ಎಲ್ಲ ಚೂರಿಗೂ ಎಲ್ಲ ದಾರೀನೂ ಹೊಂದಲ್ಲ. ಎಲ್5-ಎಸ್1, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಡಿಸ್ಕ್ ಆದ್ರೆ ಪಕ್ಕದಿಂದ ಹೋಗುವಾಗ ಸೊಂಟದ ಮೂಳೆ ಎತ್ತರ ಇದ್ದವ್ರಲ್ಲಿ ಅಡ್ಡ ಬರತ್ತೆ, ಆಗ ಹಿಂದಿನಿಂದ ಹೋಗ್ಬೇಕು. ಚೂರು ಕಳಚ್ಕೊಂಡು ಮೇಲಕ್ಕೋ ಕೆಳಕ್ಕೋ ಜಾರಿದ್ರೆ ಪಕ್ಕದ ದಾರೀಲಿ ಕೈ ಎಟುಕೋದು ಕಷ್ಟ. ಇನ್ನು ಅಪಾಯ ಅಂದ್ರೆ ನರದ ಸುತ್ತ ಇರೋ ಪೊರೆ ಹರಿಯೋದು, ಸೋಂಕು, ಅಪರೂಪಕ್ಕೆ ನರಕ್ಕೆ ಪೆಟ್ಟು, ಅಪರೂಪಕ್ಕೆ ತಪ್ಪು ಲೆವೆಲ್. ಅದಕ್ಕೇ ಕುಯ್ಯೋ ಮುಂಚೆ ಎಕ್ಸ್‌ರೇ ಹಾಕಿ ಮೂಳೆ ಎಣಿಸ್ತೀವಿ, ನಾನಂತೂ ಜೋರಾಗೇ ಎಣಿಸ್ತಿದ್ದೆ, ಕೆಲವ್ರಿಗೆ ಕಿರಿಕಿರಿ ಆಗ್ತಿತ್ತು, ಆಗ್ಲಿ.

ಪಾದಪರೀಕ್ಷೆ:
ಎಲ್ರೂ ತೂತಿನ ಅಳತೆ ಬಗ್ಗೆ ಮಾತಾಡ್ತಿದೀರ, ಚಪ್ಪಲಿ ವಿಷಯ ಯಾರೂ ಹಿಡೀಲಿಲ್ವಲ್ರೀ!

ನಾನು ಫಿಸಿಯೋಥೆರಪಿಸ್ಟ್. ಸಂಜೆಗತ್ತಲು ಮೇಡಂ, ಚಪ್ಪಲಿ ಸಡಿಲ ಆಗಿದ್ರೆ ಎರಡೂ ಕಾಲಿಂದ ಜಾರ್ಬೇಕು. ಈಗ್ಲೇ ಗೋಡೆ ಪಕ್ಕ ನಿಂತ್ಕೊಂಡು ಹಿಮ್ಮಡಿ ಮೇಲೆ ಐದು ಹೆಜ್ಜೆ ನಡೀರಿ, ಮುಂಗಾಲು ಎರಡೂ ಸಮ ಎತ್ತಕ್ಕಾಗತ್ತಾ ನೋಡಿ. ಆಮೇಲೆ ಕಾಲು ಚಾಚಿ ಎರಡೂ ಹೆಬ್ಬೆರಳು ಮುಖದ ಕಡೆ ಎತ್ತಿ ಹಿಡೀರಿ, ಮನೆಯವ್ರಿಗೆ ಒಂದೊಂದೇ ಬೆರಳಲ್ಲಿ ಅದನ್ನ ಕೆಳಗೆ ಒತ್ತಕ್ಕೆ ಹೇಳಿ. ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತೋದು ಎಲ್5 ನರನ, ಹೆಬ್ಬೆರಳು ಎತ್ತೋದು ಅದೇ ನರದ ಕೆಲಸ. ನೋವು ಎಷ್ಟೇ ಇದ್ರೂ ಕಾಯಬಹುದು, ಬಲ ಇಳೀತಿದ್ರೆ ಲೆಕ್ಕ ಬೇರೆ.

ಇನ್ನೊಂದು, ಇದು ಓದೋ ಎಲ್ರಿಗೂ. ಮೂತ್ರ ಕಟ್ಕೊಂಡ್ರೆ ಇಲ್ಲಾ ಗೊತ್ತಿಲ್ಲದೇ ಹೋದ್ರೆ, ಗುದದ ಸುತ್ತ ತೊಡೆಸಂದಿ ಮರಗಟ್ಟಿದ್ರೆ, ಎರಡೂ ಕಾಲು ಸೋತ್ರೆ, ಇಲ್ಲಿ ಬಂದು ಪೋಸ್ಟ್ ಹಾಕಬೇಡಿ, ಆ ಕ್ಷಣ ಎಮರ್ಜೆನ್ಸಿಗೆ ಹೋಗಿ. ಅದು ಕೆಳಗಿನ ನರಗಳ ಗೊಂಚಲೇ ಒತ್ತೋಗಿರೋ ಲಕ್ಷಣ, ಅಲ್ಲಿ ಲೆಕ್ಕ ಗಂಟೆಗಳದ್ದು.

ಸಂಜೆಗತ್ತಲು:
ಮೂತ್ರ ಎಲ್ಲ ಸರಿ ಇದೆ. ಹೆಬ್ಬೆರಳು ನೋಡ್ದೆ. ಬಲಗಡೇದು ನನ್ನ ಯಜಮಾನ್ರು ಪೂರ್ತಿ ಬಲ ಹಾಕಿದ್ರೂ ಬಗ್ಗಲಿಲ್ಲ. ಎಡಗಡೇದನ್ನ ನನ್ನ ಏಳು ವರ್ಷದ ಮಗಳು ಒಂದು ಬೆರಳಲ್ಲಿ ಮಲಗಿಸಿಬಿಟ್ಳು, ಅವ್ಳಿಗೆ ಗೆದ್ದೆ ಅಂತ ಖುಷಿ. ಹಿಮ್ಮಡಿ ಮೇಲೆ ಎರಡು ಹೆಜ್ಜೆಗೇ ಎಡಪಾದ ಪಟ್ ಅಂತ ಬಿತ್ತು. ಮೂರು ಡಾಕ್ಟ್ರಲ್ಲಿ ಇಬ್ರು ನನ್ನ ಪಾದ ಮುಟ್ಟೇ ಇರ್ಲಿಲ್ಲ ಅಂತ ಈಗ ನೆನಪಾಗ್ತಿದೆ, ಫಿಲ್ಮ್ ಲೈಟಿಗೆ ಹಿಡಿದು ನೋಡಿದ್ದಷ್ಟೇ. ಕಾಯಿರಿ ಅಂದವ್ರು ಮುಟ್ಟಿ ನೋಡಿದ್ರು, ಆಗ ಸರಿ ಇತ್ತು, ಎರಡೂವರೆ ವಾರದ ಹಿಂದಿನ ಮಾತು. ನಾಳೆ ಬೆಳಿಗ್ಗೆ ಅವ್ರ ಹತ್ರಾನೇ ಹೋಗ್ತೀನಿ.

ಎರಡ್ಸಲಆಯ್ತು:
ಹೋಗಿ ಬನ್ನಿ, ಒಳ್ಳೇದಾಗ್ಲಿ. ಒಳ್ಳೇ ಕಥೆಗಳ ಮಧ್ಯೆ ನನ್ನದೂ ಇರ್ಲಿ. ನಂಗೆ ಮೊದಲನೇ ಆಪರೇಷನ್ ಆಗಿ ಐದನೇ ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಚೂರು ಬಂತು. ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ಹಿಂಗಾಗತ್ತಂತೆ, ಡಿಸ್ಕ್ ಸುತ್ತಲ್ಲಿ ಆದ ಹರಕಿಗೆ ಸಾಮಾನ್ಯವಾಗಿ ಹೊಲಿಗೆ ಹಾಕಲ್ಲ, ಅದು ತಾನಾಗೇ ಅರೆಬರೆ ಮುಚ್ಕೋಬೇಕು, ಡಿಸ್ಕ್‌ಗೆ ರಕ್ತನಾಳ ಇಲ್ದೇ ಇರೋದ್ರಿಂದ ನಿಧಾನ. ಡಿಸ್ಚಾರ್ಜ್ ಮಾಡುವಾಗ ಒಂದು ಚೀಟಿ ಕೊಟ್ರು, ಭಾರ ಎತ್ತಬೇಡಿ ಅಂತ ಒಂದೇ ಸಾಲು. ನಾನು ಭಾರ ಎತ್ತಲಿಲ್ಲ, ಎರಡನೇ ವಾರದಿಂದ ದಿನಕ್ಕೆ ಹತ್ತು ಗಂಟೆ ಕುರ್ಚೀಲಿ ಕೂತೆ, ಸಿಗರೇಟೂ ಬಿಡ್ಲಿಲ್ಲ. ಅದ್ರಿಂದಲೇ ಆಯ್ತು ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ಆದ್ರೆ ಕೂರೋ ಬಗ್ಗೆ ಒಬ್ರಾದ್ರೂ ಹೇಳ್ಬಹುದಿತ್ತು.

ಪೇಪರ್‌ಹುಳು:
ಕೂರೋದು ನಿಜ. ನಾಕೆಮ್ಸನ್ ಅನ್ನೋ ಸ್ವೀಡನ್ ಡಾಕ್ಟ್ರು ಜೀವಂತ ಮನುಷ್ಯರ ಡಿಸ್ಕಿಗೇ ಸೂಜಿ ಹಾಕಿ ಒತ್ತಡ ಅಳೆದಿದ್ರು. ನಿಂತಾಗ 100 ಅಂತ ಇಟ್ಕೊಂಡ್ರೆ ಅಂಗಾತ ಮಲಗಿದಾಗ 25, ಕೂತಾಗ 140, ಕೂತು ಮುಂದಕ್ಕೆ ಬಗ್ಗಿದ್ರೆ 185. ಕುರ್ಚಿ ವಿಶ್ರಾಂತಿ ಅಲ್ಲ.

ಸಂಜೆಗತ್ತಲು:
ಎಲ್ರಿಗೂ, ಆಪರೇಷನ್ ಆಗಿ ಇವತ್ತಿಗೆ ನಾಲ್ಕು ದಿನ. ಕಾಯಿರಿ ಅಂದಿದ್ದ ಡಾಕ್ಟ್ರೇ ಹೆಬ್ಬೆರಳು ಒತ್ತಿ ನೋಡಿ, ಬಲ ಐದಕ್ಕೆ ಮೂರು ಅಂತ ಬರೆದು, ಇನ್ನು ಕಾಯೋದು ಬೇಡ ಅಂದ್ರು. ಎಂಡೋಸ್ಕೋಪಿ ಕೇಳ್ದೆ. ಫಿಲ್ಮಲ್ಲಿ ಬೆರಳಿಟ್ಟು ತೋರಿಸಿದ್ರು, ಚೂರು ಕಳಚ್ಕೊಂಡು ಎಲ್5 ಮೂಳೆ ಹಿಂದಕ್ಕೆ ಚೆನ್ನಾಗೇ ಜಾರಿದೆ, ರಿಪೋರ್ಟಲ್ಲಿ ಅದರ ಸುದ್ದಿನೇ ಇಲ್ಲ. ಪಕ್ಕದಿಂದ ಹೋದ್ರೆ ನಂಗೆ ಎಟುಕುತ್ತೋ ಇಲ್ವೋ, ಟ್ಯೂಬ್ ಮೈಕ್ರೋಸ್ಕೋಪಲ್ಲಾದ್ರೆ ಎಟುಕತ್ತೆ ಅಂದ್ರು. ನಂಗೆ ಎಟುಕುತ್ತೋ ಇಲ್ವೋ ಅಂದ್ರಲ್ಲ, ಆ ಮಾತಿಗೇ ಒಪ್ಪಿದ್ದು ನಾನು. ಓಟಿಸಿಸ್ಟರ್ ಹೇಳಿದ ಮೂರು ಪ್ರಶ್ನೇನೂ ಕೇಳ್ದೆ, ಮುಖ ಸಿಂಡರಿಸ್ಲಿಲ್ಲ.

ಹದಿನೆಂಟು ಮಿಲಿಮೀಟರ್ ಕೊಳವೆ. ಮಾರನೇ ದಿನ ಮನೆಗೆ. ಕಾಲಿನ ತಂತಿ ಇಲ್ಲ, ಹಳೇಬೆನ್ನು ಅವ್ರು ಹೇಳಿದಂಗೆ ಕಾಲಿದೆಯಾ ಅಂತ ನಾನೂ ಮುಟ್ಟಿ ನೋಡ್ಕೊಂಡೆ. ಗಾಯ ನೋಯತ್ತೆ, ಎದ್ದೇಳುವಾಗ ಮಗ್ಗುಲಾಗಿ ಕೈ ಊರಿ ಏಳ್ಬೇಕು. ಆದ್ರೆ ಹೆಬ್ಬೆರಳು ಹಂಗೇ ಇದೆ, ಪಾದದ ಮೇಲ್ಗಡೆ ಸಾಕ್ಸ್ ಹಾಕಿದಂಗೆ ಮಂಕು. ಬರಲ್ವಾ ಅಂತ ಭಯ.

ಪಾದಪರೀಕ್ಷೆ:
ನಾಲ್ಕು ದಿನಕ್ಕೆ ಕೇಳಬೇಡಿ ಅದನ್ನ. ಮೊದಲು ಹೋಗೋದು ನೋವು, ಬಲ ವಾರಗಳಲ್ಲಿ ತಿಂಗಳುಗಳಲ್ಲಿ ಬರತ್ತೆ, ಜೋಮು ಎಲ್ಲಕ್ಕಿಂತ ಕೊನೆ, ಕೆಲವ್ರಿಗೆ ಒಂಚೂರು ಉಳಿದೂ ಬಿಡತ್ತೆ. ಈಗ ನಡೀರಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಕೂರೋದು ಕಮ್ಮಿ. ಸೊಂಟ ತಿರುಚೋದು, ಬಗ್ಗಿ ಎತ್ತೋದು ನಿಮ್ಮ ಡಾಕ್ಟ್ರು ಹೇಳೋವರೆಗೂ ಬೇಡ. ಹಿಮ್ಮಡಿ ಹೆಜ್ಜೆ ವಾರಕ್ಕೊಂದ್ಸಲ ಗೋಡೆ ಪಕ್ಕ ನಿಂತು ಎಣಿಸಿ ಸಾಕು, ದಿನಾ ಎಣಿಸಿ ತಲೆಕೆಡಿಸ್ಕೋಬೇಡಿ. ಜ್ವರ ಬಂದ್ರೆ, ಗಾಯದಿಂದ ನೀರು ಒಸರಿದ್ರೆ, ಎದ್ದು ಕೂತಾಗ ತಲೆ ಸಿಡಿದು ಮಲಗಿದ್ರೆ ಕಮ್ಮಿ ಆಗ್ತಿದ್ರೆ ಫೋನ್ ಮಾಡಿ.

ಸೊಂಟಮಿತ್ರ:
ಮೇಡಂ ಬೇಗ ಹುಷಾರಾಗಿ. ಲೇಸರ್ ವಿಷಯ ವಾಪಸ್ ತಗೊಂಡೆ 🙏

ಸಂಜೆಗತ್ತಲು:
ಮೂರು ವಾರ ಆಯ್ತು. ನಿನ್ನೆ ಅಂಗಳದಲ್ಲಿ ನಡೀವಾಗ ಎಡ ಚಪ್ಪಲಿ ಮತ್ತೆ ಜಾರ್ತು. ಆದ್ರೆ ಈ ಸಲ ಜಾರುವಾಗ್ಲೇ ಗೊತ್ತಾಯ್ತು!! ಅಲ್ಲೇ ನಿಂತು ಯಜಮಾನ್ರನ್ನ ಕೂಗಿದೆ, ಅವ್ರು ಬಿದ್ಳೇನೋ ಅಂತ ಓಡಿ ಬಂದ್ರು.

ಪಾದಪರೀಕ್ಷೆ:
ಹಿಮ್ಮಡಿ ಮೇಲೆ ಎಷ್ಟು ಹೆಜ್ಜೆ?

ಸಂಜೆಗತ್ತಲು:
ಆರು. ಏಳನೇದಕ್ಕೆ ಗೋಡೆ ಹಿಡ್ಕೊಂಡೆ.